ಆಯಿಲ್ ಕಪ್ಪಾದರೆ ಹೆದರಬೇಡಿ, ಕಡಿಮೆಯಾದರೆ ಹೆದರಿ

ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ, ಎಲ್ಲಿಯ ಗ್ಯಾರೇಜಿನ ಮುಂದೆ ನಿಂತರೂ ದಿನಕ್ಕೆ ಹತ್ತು ಸಲ ಕಾಣುವ ದೃಶ್ಯ ಇದು. ಮೇಸ್ತ್ರಿ ಇಂಜಿನ್ನಿನ ಪಕ್ಕದ ಆಯಿಲ್ ಕಡ್ಡಿಯನ್ನು ತಿರುಗಿಸಿ ಹೊರಗೆಳೆಯುತ್ತಾರೆ, ಅದರ ತುದಿಯ ಆಯಿಲನ್ನು ತೋರುಬೆರಳು ಹೆಬ್ಬೆರಳ ನಡುವೆ ಉಜ್ಜಿ ಗಾಡಿಯವರ ಕಣ್ಣೆದುರು ಹಿಡಿಯುತ್ತಾರೆ. ‘ನೋಡಿ ಸಾರ್, ಪೂರಾ ಕಪ್ಪಾಗಿದೆ.’ ಗಾಡಿಯವರು ಹೌದೆನ್ನುತ್ತಾರೆ, ಬಾಟಲಿ ಬರುತ್ತದೆ, ಹಳೆಯದು ಡಬ್ಬಕ್ಕೆ ಇಳಿಯುತ್ತದೆ. ಇಷ್ಟರ ನಡುವೆ ಆ ಕಡ್ಡಿಯ ಮೇಲೆ ಕೊರೆದಿರುವ ಎರಡು ಗೀಟುಗಳನ್ನು ಇಬ್ಬರೂ ನೋಡಿರುವುದಿಲ್ಲ. ಆಯಿಲ್ ಮೇಲಿನ ಗೀಟಿನವರೆಗೆ ಇತ್ತೇ, ಕೆಳಗಿನ ಗೀಟಿಗಿಂತಲೂ ಇಳಿದಿತ್ತೇ ಎಂದು ಆಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಿಗೆ ರೈಲು ಇನ್ನೂ ಬಂದಿಲ್ಲ. ಒಳಹಳ್ಳಿಗಳಿಗೆ ಬಸ್ಸು ಬರುವುದು ಅದರದೇ ಹೊತ್ತಿಗೆ. ಡೇರಿಗೆ ಹಾಲು, ಕೊಟ್ಟಿಗೆಗೆ ಹುಲ್ಲು, ಗದ್ದೆಗೆ ಗೊಬ್ಬರ, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ಹಿರಿಯರು ಎಲ್ಲವೂ ಬೈಕಿನ ಮೇಲೆಯೇ ಸಾಗಬೇಕು. ಅಂಥ ಗಾಡಿಯ ಇಂಜಿನ್ ಬಗ್ಗೆ ಜನ ಚಿಂತೆ ಮಾಡುವುದು ಸಹಜ, ನ್ಯಾಯವೂ ಹೌದು. ನನ್ನ ತಕರಾರು ಇರುವುದು ಆ ಚಿಂತೆ ಹೋಗಿ ಕೂತಿರುವ ಜಾಗದ ಬಗ್ಗೆ. ಬಣ್ಣ, ಬ್ರಾಂಡು, ಕಿಲೋಮೀಟರು ಈ ಮೂರರ ಬಗ್ಗೆ ಅತಿಯಾಗಿ ಹೆದರುತ್ತೇವೆ. ಇಂಜಿನ್ನನ್ನು ನಿಜವಾಗಿ ಕೊಲ್ಲುವ ಆಯಿಲ್ ಮಟ್ಟದ ಬಗ್ಗೆ ಹೆದರುವುದೇ ಇಲ್ಲ.

ಮೊದಲು ಬಣ್ಣದ ಮಾತು. ಗ್ಯಾರೇಜಿನ ಭಾಷೆಯಲ್ಲಿ ಹಳೆಯ ಆಯಿಲಿಗೆ ‘ಸುಟ್ಟ ಆಯಿಲ್’ ಎಂದೇ ಹೆಸರು. ಅರ್ಧ ಭಯ ಹುಟ್ಟುವುದೇ ಆ ಹೆಸರಿನಿಂದ. ಬಾಣಲೆಯಲ್ಲಿ ಎಣ್ಣೆ ಸುಟ್ಟು ಕರಕಾದಂತೆ ಇಂಜಿನ್ ಒಳಗೂ ಆಗಿರಬೇಕು ಎಂದು ಮನಸ್ಸು ಊಹಿಸುತ್ತದೆ. ನಡೆಯುವುದು ಬೇರೆ. ಪೆಟ್ರೋಲ್ ಉರಿದಾಗ ಹುಟ್ಟುವ ಮಸಿ ಸ್ವಲ್ಪ ಸ್ವಲ್ಪವಾಗಿ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿಯುತ್ತದೆ. ಅದು ಲೋಹಕ್ಕೆ ಅಂಟಿಕೊಂಡು ಜಿಡ್ಡುಗಟ್ಟದಿರಲೆಂದೇ ಆಯಿಲ್ ತಯಾರಿಸುವವರು ಅದರಲ್ಲಿ ತೊಳೆಯುವ ಗುಣದ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ಮಸಿಯನ್ನು ನುಣ್ಣಗಿನ ಕಣಗಳಾಗಿ ತಮ್ಮಲ್ಲೇ ತೇಲಿಸಿ ಇಟ್ಟುಕೊಳ್ಳುತ್ತವೆ. ಬಟ್ಟೆ ನೆನೆಸಿದ ಸೋಪಿನ ನೀರು ಕಪ್ಪಾದರೆ ಸೋಪು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ, ಕೊಳೆ ಬಿಟ್ಟಿತು ಎನ್ನುತ್ತೇವೆ. ಆಯಿಲ್ ಕಪ್ಪಾಗುವುದೂ ಹಾಗೆಯೇ. ಕೆಲವು ನೂರು ಕಿಲೋಮೀಟರಿಗೇ ಜೇನಿನ ಬಣ್ಣ ಹೋಗಿ ಕಂದಾಗುವುದು, ಇನ್ನಷ್ಟು ಓಡಿದ ಮೇಲೆ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತು. ಆ ತೊಳೆಯುವ ಶಕ್ತಿ ಒಂದು ದಿನ ಮುಗಿಯುತ್ತದೆ, ಆಗ ಬದಲಿಸಲೇಬೇಕು. ಆದರೆ ಅದು ಯಾವಾಗ ಮುಗಿಯಿತು ಎಂಬುದನ್ನು ಬೆರಳ ಮೇಲಿನ ಬಣ್ಣ ನೋಡಿ ಹೇಳಲು ಬರುವುದಿಲ್ಲ. ಸಾವಿರ ಕಿ.ಮೀ. ಓಡಿದ ಆಯಿಲೂ ಐದು ಸಾವಿರ ಓಡಿದ ಆಯಿಲೂ ಕಣ್ಣಿಗೆ ಒಂದೇ ಕಪ್ಪು.

ಇನ್ನು ಮಟ್ಟಕ್ಕೆ ಬರೋಣ. ನಮ್ಮ ರಸ್ತೆಗಳಲ್ಲಿ ಹೆಚ್ಚು ಓಡುವ ನೂರು ಸಿಸಿಯ ಗಾಡಿಯ ಇಂಜಿನ್ ಹಿಡಿಸುವುದು ಒಂದು ಲೀಟರಿಗೂ ಕಡಿಮೆ ಆಯಿಲ್. ಅಂಗಡಿಯಲ್ಲಿ 900 ಮಿಲಿಲೀಟರಿನ ಬಾಟಲಿ ಸಿಗುವುದು ಅದಕ್ಕೇ. ಕಾರಿನಲ್ಲಿ ಇಂಜಿನ್ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. ಗೇರಿನ ಬೈಕಿನಲ್ಲಿ ಪಿಸ್ಟನ್, ಕ್ಲಚ್ ಪ್ಲೇಟ್, ಗೇರ್ ಬಾಕ್ಸ್ ಮೂರೂ ಆ ಒಂದೇ ಬಾಟಲಿಯನ್ನು ನಂಬಿರುತ್ತವೆ. ತಂಪು ಮಾಡುವ ಕೆಲಸದಲ್ಲೂ ಅದರ ಪಾಲು ದೊಡ್ಡದು. ಈಗ ಒಂದು ಲೆಕ್ಕ ಹಾಕಿ. ಸ್ವಲ್ಪ ಹಳೆಯದಾದ, ರಿಂಗು ಸಡಿಲವಾದ ಗಾಡಿ ಸಾವಿರ ಕಿಲೋಮೀಟರಿಗೆ ನೂರು ಮಿ.ಲೀ. ಆಯಿಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಹೊಗೆ ಕಣ್ಣಿಗೆ ಬೀಳುವುದಿಲ್ಲ, ಓಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾಲೀಕರು ಕಂಪನಿಯ ಕೈಪಿಡಿಯ ಮಾತು ನಂಬಿ ಆರು ಸಾವಿರಕ್ಕೆ ಬದಲಿಸೋಣ ಎಂದುಕೊಂಡು ನಡುವೆ ಒಮ್ಮೆಯೂ ಕಡ್ಡಿ ಎತ್ತಿ ನೋಡದಿದ್ದರೆ, ಅಷ್ಟು ಹೊತ್ತಿಗೆ ಒಳಗೆ ಉಳಿದಿರುವುದು ಮುನ್ನೂರು ಮಿ.ಲೀ. ಅಲ್ಲಿಗೆ ತಲುಪುವ ಮೊದಲೇ ಇಂಜಿನ್ ಹೋಗಿರುತ್ತದೆ. ಪಂಪಿಗೆ ಆಯಿಲ್ ಸಿಗದಾದಾಗ ಮೊದಲು ಒಣಗುವುದು ತಲೆಯ ಭಾಗ. ಕ್ಯಾಮು ಸವೆಯುತ್ತದೆ, ಟ್ಯಾಪೆಟ್ ಟಕಟಕ ಎನ್ನುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ, ಕೊನೆಗೆ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಜನ ‘ಸೀಜ್ ಆಯ್ತು’ ಎನ್ನುವುದು ಇದಕ್ಕೆ. ಕಾರಿನಲ್ಲಾದರೆ ಆಯಿಲಿನ ಕೆಂಪು ದೀಪ ಹೊತ್ತಿ ಎಚ್ಚರಿಸುತ್ತದೆ. ದಿನಬಳಕೆಯ ಬಹುತೇಕ ಸಣ್ಣ ಬೈಕುಗಳಲ್ಲಿ ಆ ದೀಪವೇ ಇಲ್ಲ. ಅಲ್ಲಿ ಎಚ್ಚರಿಸುವುದು ಆ ಕಡ್ಡಿ ಒಂದೇ.

ಈ ಮರೆವಿಗೆ ಒಂದು ಇತಿಹಾಸವಿದೆ. ನಮ್ಮ ಹಿಂದಿನ ತಲೆಮಾರು ಬೈಕು ಕಲಿತದ್ದು ಟೂ ಸ್ಟ್ರೋಕ್ ಗಾಡಿಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವುಗಳ ಇಂಜಿನ್ನಿಗೆ ಆಯಿಲ್ ಹೋಗುತ್ತಿದ್ದದ್ದು ಪೆಟ್ರೋಲಿನ ಜೊತೆಗೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗಲೇ ಆಯಿಲನ್ನೂ ಅಳೆದು ಬೆರೆಸಿಕೊಳ್ಳಬೇಕಿತ್ತು. ಅಂದರೆ ಪ್ರತಿ ಸಲ ಟ್ಯಾಂಕ್ ತುಂಬುವಾಗಲೂ ಆಯಿಲಿನ ನೆನಪಾಗುತ್ತಿತ್ತು, ಮರೆಯಲು ಅವಕಾಶವೇ ಇರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ಫೋರ್ ಸ್ಟ್ರೋಕ್ ಇಂಜಿನ್ ಮನೆಮನೆಗೆ ತಲುಪಿತು. ‘ಫಿಲ್ ಇಟ್, ಷಟ್ ಇಟ್, ಫರ್ಗೆಟ್ ಇಟ್’ ಎಂಬ ಅದರ ಜಾಹೀರಾತು ಹೇಳಿದ್ದು ಪೆಟ್ರೋಲ್ ಉಳಿತಾಯದ ಬಗ್ಗೆ. ಆದರೆ ತುಂಬಿಸಿ, ಮುಚ್ಚಿ, ಮರೆತುಬಿಡುವ ಅಭ್ಯಾಸ ಆಯಿಲಿಗೂ ಹಬ್ಬಿತು ಎಂಬುದು ನನ್ನ ಅನಿಸಿಕೆ. ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಕಣ್ಣಿಗೆ ಕಾಣದೆ ಹೊಟ್ಟೆಯೊಳಗೆ ಉಳಿಯುತ್ತದೆ. ನೋಡುವ ಕೆಲಸ ಬಂಕಿನಿಂದ ಮನೆಯಂಗಳಕ್ಕೆ ಬರಬೇಕಿತ್ತು. ಬರಲಿಲ್ಲ, ಅದು ಗ್ಯಾರೇಜಿಗೆ ಹೋಯಿತು. ಗ್ಯಾರೇಜಿಗೆ ನಾವು ಹೋಗುವುದು ಮೂರು ನಾಲ್ಕು ತಿಂಗಳಿಗೊಮ್ಮೆ.

ಮಳೆಗಾಲದಲ್ಲಿ ಇನ್ನೊಂದು ಗಾಬರಿ ಶುರುವಾಗುತ್ತದೆ. ಆಷಾಢ, ಶ್ರಾವಣದಲ್ಲಿ ಸೊರಬದ ಕಡೆ ವಾರಗಟ್ಟಲೆ ಬಿಸಿಲು ಕಾಣದ ದಿನಗಳಲ್ಲಿ ಆಯಿಲ್ ಮುಚ್ಚಳ ಬಿಚ್ಚಿದರೆ ಅದರ ಒಳಮೈಗೆ ಬೆಣ್ಣೆಯಂಥ ಪದಾರ್ಥ ಮೆತ್ತಿರುತ್ತದೆ. ಬಣ್ಣ ಹಾಲು ಹೆಚ್ಚಾದ ಕಾಫಿಯದು, ಬೆರಳಲ್ಲಿ ತೆಗೆದರೆ ಕಡೆದ ಮಜ್ಜಿಗೆಯ ನೊರೆಯಂತೆ ಮೆತ್ತಗೆ. ಇಂಜಿನ್ನಿಗೆ ನೀರು ನುಗ್ಗಿದೆ, ಪೂರ್ತಿ ಬಿಚ್ಚಿಸಬೇಕು ಎಂಬ ಮಾತು ಅಲ್ಲೇ ಹುಟ್ಟುತ್ತದೆ. ಇದರ ಹಿಂದಿನ ಕಾರಣ ತಿಳಿದರೆ ಎಷ್ಟು ಹೆದರಬೇಕೆಂಬುದೂ ತಿಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಲು ಕಷ್ಟವಾದರೂ ರಸಾಯನಶಾಸ್ತ್ರದ ಸರಳ ಲೆಕ್ಕ ಅದು. ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ ನೀರು. ಬಹುಪಾಲು ಆವಿ ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ, ಅಲ್ಪ ಭಾಗ ಮಾತ್ರ ರಿಂಗಿನ ಸಂದಿಯಿಂದ ಇಂಜಿನ್ನಿನ ಕೆಳಹೊಟ್ಟೆಗೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಬಿಡದೆ ಓಡಿದರೆ ಆಯಿಲ್ ಚೆನ್ನಾಗಿ ಕಾದು ಆ ತೇವ ಆವಿಯಾಗಿ ಹೋಗುತ್ತದೆ. ಆದರೆ ಮನೆಯಿಂದ ಹಾಲಿನ ಡೇರಿಗೆ, ಡೇರಿಯಿಂದ ಗದ್ದೆಗೆ, ಗದ್ದೆಯಿಂದ ಮನೆಗೆ ಎಂದು ಒಂದೊಂದೇ ಕಿಲೋಮೀಟರು ಓಡಿ ನಿಲ್ಲುವ ಗಾಡಿ ಕಾಯುವುದೇ ಇಲ್ಲ. ತೇವ ಒಳಗೇ ತಣಿದು, ಎಲ್ಲಕ್ಕಿಂತ ತಣ್ಣಗಿರುವ ಮುಚ್ಚಳದ ಒಳಭಾಗದಲ್ಲಿ ಆಯಿಲಿನೊಂದಿಗೆ ಬೆರೆತು ನೊರೆಯಾಗುತ್ತದೆ. ಗಾಳಿಯಿಂದ ತಣಿಯುವ ಇಂಜಿನ್ನಿನಲ್ಲಿ ಕೂಲೆಂಟ್ ಇರುವುದೇ ಇಲ್ಲ, ಆದ್ದರಿಂದ ಅದು ಸೋರಿ ಬಂತು ಎನ್ನುವ ಪ್ರಶ್ನೆಯೂ ಇಲ್ಲ. ಮುಚ್ಚಳಕ್ಕೆ ಮಾತ್ರ ಮೆತ್ತಿದ್ದು, ಕಡ್ಡಿಯ ತುದಿಯ ಆಯಿಲ್ ಮಾಮೂಲಿ ಬಣ್ಣದಲ್ಲಿದ್ದರೆ ಒರೆಸಿ ಹಾಕಿ, ವಾರಕ್ಕೊಮ್ಮೆಯಾದರೂ ಶಿಕಾರಿಪುರಕ್ಕೋ ಸಾಗರಕ್ಕೋ ಹೋಗಿಬರುವಷ್ಟು ದೂರ ಓಡಿಸಿದರೆ ಸಾಕು. ಮಳೆ ಕಳೆದ ಮೇಲೆ ಒಮ್ಮೆ ಆಯಿಲ್ ಬದಲಿಸುವುದು ಒಳ್ಳೆಯದು. ಆದರೆ ಕಡ್ಡಿಗೆ ಅಂಟಿದ ಆಯಿಲೇ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದು ಗಂಭೀರ. ಸೇತುವೆ ಮೇಲೆ ಹರಿಯುವ ನೀರಿನಲ್ಲಿ ಗಾಡಿ ದಾಟಿಸಿದಾಗ, ಇಲ್ಲವೇ ಮುಚ್ಚಳದ ರಬ್ಬರ್ ಉಂಗುರ ಸವೆದ ಗಾಡಿಗೆ ವಾಟರ್ ಸರ್ವೀಸಿನಲ್ಲಿ ಜೋರಾಗಿ ನೀರು ಹೊಡೆಸಿದಾಗ ಹೀಗಾಗುತ್ತದೆ. ಆಗ ಚಾಲೂ ಮಾಡದೆ ತಳ್ಳಿಕೊಂಡು ಹೋಗಿ ಆಯಿಲ್ ಇಳಿಸಬೇಕು. ರೇಡಿಯೇಟರ್ ಇರುವ ಬೈಕುಗಳಲ್ಲಿ ವಾಟರ್ ಪಂಪಿನ ಸೀಲ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೂ ಇದೆ, ಅಲ್ಲಿ ತಡ ಮಾಡುವ ಹಾಗಿಲ್ಲ.

ಹಾಗಾದರೆ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಸಣ್ಣ ಗಾಡಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಐದರಿಂದ ಆರು ಸಾವಿರ. ಗ್ಯಾರೇಜುಗಳಲ್ಲಿ ಕೇಳುವುದು ಎರಡು ಸಾವಿರ, ಹೆಚ್ಚೆಂದರೆ ಮೂರು. ಕಂಪನಿಯ ಲೆಕ್ಕ ನಗರದ ಡಾಂಬರು ರಸ್ತೆಗೆ ಸರಿ, ನಮ್ಮ ಮಣ್ಣುದಾರಿಗೆ, ಹಿಂದೆ ಎರಡು ಮೂಟೆ ಮೆಕ್ಕೆಜೋಳ ಹೇರಿಕೊಂಡು ಹೋಗುವ ಗಾಡಿಗೆ ಅದು ಹೊಂದದು ಎಂದು ಮೇಸ್ತ್ರಿಗಳು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ತಳ್ಳಿಹಾಕುವಂತಿಲ್ಲ. ದೂಳು, ಭಾರ, ಸಣ್ಣ ಸಣ್ಣ ಓಡಾಟ ಇವು ಆಯಿಲಿನ ಆಯುಸ್ಸನ್ನು ಕಡಿಮೆ ಮಾಡುತ್ತವೆ. ಆದರೆ ಅದೇ ವಾದವನ್ನು ಪೂರ್ತಿ ಒಪ್ಪಿದರೆ ಎಲ್ಲ ಗಾಡಿಗೂ ಒಂದೇ ಅಂಕಿ ಹೇಳುವುದು ತಪ್ಪಾಗುತ್ತದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ದಿನಾ ನೌಕರಿಗೆ ಹೋಗಿಬರುವವರ ಗಾಡಿಯನ್ನೂ ಊರೊಳಗೇ ಹಾಲಿನ ಕ್ಯಾನು ಹೊತ್ತು ತಿರುಗುವ ಗಾಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ತಿಂಗಳಿಗೆ ಎರಡು ಸಾವಿರ ದಾಟುತ್ತದೆ, ಪ್ರತಿದಿನ ಚೆನ್ನಾಗಿ ಕಾಯುತ್ತದೆ, ಅದರ ಆಯಿಲ್ ಐದು ಸಾವಿರಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ. ಎರಡನೆಯದು ಆರು ತಿಂಗಳಿಗೂ ಎರಡು ಸಾವಿರ ಮುಟ್ಟದಿರಬಹುದು, ಆದರೂ ಅದರ ಆಯಿಲ್ ತೇವ ಮತ್ತು ಉರಿಯದ ಪೆಟ್ರೋಲಿನಿಂದ ಹಾಳಾಗಿರುತ್ತದೆ. ಅಂದರೆ ಹೆಚ್ಚು ಓಡುವ ಗಾಡಿಯವರು ಕಿಲೋಮೀಟರು ನೋಡಬೇಕು, ಕಡಿಮೆ ಓಡುವವರು ಕ್ಯಾಲೆಂಡರು ನೋಡಬೇಕು. ಹೊಲ ಗದ್ದೆಯ ಗಾಡಿಗೆ ಮೂರು ಸಾವಿರಕ್ಕೋ ಆರು ತಿಂಗಳಿಗೋ, ಯಾವುದು ಮೊದಲೋ ಅದಕ್ಕೆ ಬದಲಿಸಿದರೆ ನಾನು ಬೇಡವೆನ್ನುವುದಿಲ್ಲ. ಹೆದ್ದಾರಿಯ ಗಾಡಿಗೆ ಎರಡು ಸಾವಿರಕ್ಕೆ ಬದಲಿಸುವುದು ಮಾತ್ರ ವ್ಯರ್ಥ ಖರ್ಚು. ಹೊಸ ಗಾಡಿಯ ಮೊದಲ ಸರ್ವೀಸಿನ ಮಾತು ಬೇರೆ. ಒಳಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಪುಡಿ ಬೀಳುತ್ತದೆ, ಕಂಪನಿ ಹೇಳಿದ ಹೊತ್ತಿಗೆ ಆ ಆಯಿಲ್ ಹೊರಗೆ ಹೋಗಲೇಬೇಕು.

ಇದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ: ಆಯಿಲಿಗೆ ನಾನೂರು ರೂಪಾಯಿ ಆಸುಪಾಸು, ಇಂಜಿನ್ ಕೆಲಸಕ್ಕೆ ಸಾವಿರಗಟ್ಟಲೆ. ಬೇಗ ಬದಲಿಸಿದರೆ ಹೋಗುವುದೇನು? ಹೋಗುವುದು ದುಡ್ಡು ಮಾತ್ರವಾಗಿದ್ದರೆ ಈ ವಾದವನ್ನು ಒಪ್ಪಬಹುದಿತ್ತು. ಇಂಜಿನ್ನಿನ ಕೆಳಗಿನ ಆಯಿಲ್ ಬೋಲ್ಟು ಕೂರುವುದು ಅಲ್ಯೂಮಿನಿಯಂ ಮೈಯಲ್ಲಿ. ಬಿಚ್ಚಿ ಹಾಕುವಾಗ ಪ್ರತಿಸಲವೂ ಬಲವಾಗಿ ಬಿಗಿದರೆ ಮರೆ ಹೋಗುತ್ತದೆ, ಆಮೇಲೆ ಆಯಿಲ್ ಜಿನುಗಲು ತೊಡಗುತ್ತದೆ. ಬಣ್ಣಕ್ಕೆ ಹೆದರಿ ಮಾಡಿಸಿದ ಕೆಲಸವೇ ಮಟ್ಟ ಇಳಿಯಲು ಕಾರಣವಾಗುತ್ತದೆ. ಅಳತೆ ನೋಡದೆ ಒಂದು ಲೀಟರ್ ಪೂರ್ತಿ ಸುರಿಯುವವರೂ ಇದ್ದಾರೆ. ಹೆಚ್ಚಾದರೆ ಒಳ್ಳೆಯದೇ ಎಂಬುದು ತಪ್ಪು ನಂಬಿಕೆ. ಮೇಲಿನ ಗೀಟು ದಾಟಿದ ಆಯಿಲನ್ನು ಕ್ರ್ಯಾಂಕು ಕಡೆದು ನೊರೆ ಮಾಡುತ್ತದೆ, ಅದು ಉಸಿರು ಕೊಳವೆಯ ಮೂಲಕ ಏರ್ ಫಿಲ್ಟರಿಗೆ ಏರಿ ಇನ್ನೊಂದು ತೊಂದರೆ ತರುತ್ತದೆ. ಪದೇ ಪದೇ ಬದಲಿಸುವವರು ಕ್ರಮೇಣ ಅಗ್ಗದ ಆಯಿಲಿಗೆ ಇಳಿಯುವುದು ಎಲ್ಲಕ್ಕಿಂತ ದೊಡ್ಡ ಹಾನಿ. ಡ್ರಮ್ಮಿನಿಂದ ಅಳೆದುಕೊಡುವ ಲೂಸ್ ಆಯಿಲ್ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಕಾರಿಗೆ ತಂದು ಉಳಿದ ಆಯಿಲನ್ನು ಬೈಕಿಗೆ ಹಾಕುವುದೂ ಉಂಟು. ಕಾರಿನ ಎಷ್ಟೋ ಆಯಿಲುಗಳಲ್ಲಿ ಘರ್ಷಣೆ ಇನ್ನಷ್ಟು ತಗ್ಗಿಸುವ ರಾಸಾಯನಿಕಗಳಿರುತ್ತವೆ. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಹಿಡಿತ ತಪ್ಪಿ ಜಾರತೊಡಗುತ್ತವೆ. ಚಂದ್ರಗುತ್ತಿಯ ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಈ ಕಾರಣಕ್ಕಾಗಿಯೇ ಜಪಾನಿನವರು 1998ರಲ್ಲಿ ಬೈಕ್ ಆಯಿಲಿಗೆ ಜಾಸೋ ಎಂಬ ಪ್ರತ್ಯೇಕ ಮಾನದಂಡ ತಂದರು. ಗೇರಿನ ಬೈಕಿಗೆ ಬಾಟಲಿಯ ಮೇಲೆ ‘ಎಂಎ’ ಅಥವಾ ‘ಎಂಎ2’ ಎಂದಿರಬೇಕು, ಗೇರಿಲ್ಲದ ಸ್ಕೂಟರಿಗೆ ‘ಎಂಬಿ’ ಇರುತ್ತದೆ. ಅದರ ಜೊತೆಗೆ 10ಡಬ್ಲ್ಯೂ30, 20ಡಬ್ಲ್ಯೂ50 ಎಂಬಂಥ ಸ್ನಿಗ್ಧತೆಯ ಅಂಕಿ ಕೈಪಿಡಿಯಲ್ಲಿ ಏನಿದೆಯೋ ಅದೇ ಇರಬೇಕು. ಇವೆರಡು ಹೊಂದಿದರೆ, ಬಾಟಲಿ ಸೀಲಾಗಿದ್ದು ನಂಬಿಕೆಯ ಅಂಗಡಿಯದಾಗಿದ್ದರೆ, ಬ್ರಾಂಡಿನ ಬಗ್ಗೆ ನಡೆಯುವ ವಾದಗಳಿಗೆ ನೂರು ಸಿಸಿಯ ಗಾಡಿಯ ಮಟ್ಟಿಗೆ ಹೆಚ್ಚಿನ ಅರ್ಥವಿಲ್ಲ. ಸಿಂಥೆಟಿಕ್ ಆಯಿಲ್ ಒಳ್ಳೆಯದೇ. ಆದರೆ ಅದನ್ನು ಹಾಕಿದ ಧೈರ್ಯದಲ್ಲಿ ಕಡ್ಡಿ ನೋಡುವುದನ್ನು ಬಿಟ್ಟರೆ ಅದೂ ಕಾಪಾಡದು.

ನಿಜವಾಗಿ ಹೆದರಬೇಕಾದ ಲಕ್ಷಣಗಳು ಬೇರೆಯೇ ಇವೆ. ಬೆಳಗಿನ ಬಿಳಿ ಹೊಗೆ ನೀರಾವಿ, ಕಾದ ಮೇಲೆ ನಿಲ್ಲುತ್ತದೆ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ವಾಲ್ವ್ ಸೀಲೋ, ರಿಂಗೋ ಎಂದು ನೋಡಿಸಲೇಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ಮಟ್ಟ ನೋಡಿ ಅದೇ ಬಗೆಯ ಆಯಿಲ್ ಸೇರಿಸುತ್ತಿದ್ದರೆ ಅಂಥ ಗಾಡಿಯೂ ಸುಗ್ಗಿ ಮುಗಿಯುವವರೆಗೆ ಓಡಬಲ್ಲದು. ಕಡ್ಡಿ ಮೂಗಿನ ಬಳಿ ಹಿಡಿದಾಗ ಪೆಟ್ರೋಲಿನ ಗಾಢ ವಾಸನೆ ಬಂದು, ಮಟ್ಟ ಮೇಲಿನ ಗೀಟಿಗಿಂತಲೂ ಏರಿದ್ದರೆ ಸಂತೋಷಪಡಬೇಡಿ. ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಉಕ್ಕಿ ಒಳಗಿಳಿದಿರುತ್ತದೆ, ಆಯಿಲ್ ನೀರಾಗಿರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ನಮ್ಮ ಬಂಕುಗಳಲ್ಲೂ ಸಿಗುತ್ತದೆ. ಎಥೆನಾಲ್ ತೇವವನ್ನು ಎಳೆದುಕೊಳ್ಳುವ ಗುಣದ್ದು, ಆದ್ದರಿಂದ ಗಾಡಿಯನ್ನು ಆಗಾಗ ಚೆನ್ನಾಗಿ ಕಾಯಿಸಿ ಓಡಿಸಬೇಕೆಂಬ ಮಾತಿಗೆ ಇನ್ನಷ್ಟು ಬಲ ಬಂದಿದೆ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದಾಗ ನುಣ್ಣಗಿನ ಬೂದು ಮಿಂಚು ಕಂಡರೆ ಸವೆತ ಸಾಮಾನ್ಯ, ಉಗುರಿಗೆ ಸಿಗುವಂಥ ಲೋಹದ ಚಕ್ಕೆ ಕಂಡರೆ ಅದೇ ದಿನ ಇಂಜಿನ್ ಬಿಚ್ಚಿಸಬೇಕು. ಬೇಗ ಬದಲಿಸಿದ ಆಯಿಲ್ ಇವುಗಳಲ್ಲಿ ಯಾವುದನ್ನೂ ಗುಣಪಡಿಸುವುದಿಲ್ಲ, ಕೆಲವನ್ನು ಮರೆಮಾಚುತ್ತದೆ.

ಮಟ್ಟ ನೋಡುವುದಕ್ಕೆ ಕೆಲವೇ ನಿಮಿಷ ಸಾಕು. ಸಪಾಟು ನೆಲದಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನೇರ ನಿಲ್ಲಿಸಬೇಕು, ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಗಾಡಿ ಸುಳ್ಳು ಹೇಳುತ್ತದೆ. ಕೆಲವು ನಿಮಿಷ ಚಾಲೂ ಇಟ್ಟು, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಕಡ್ಡಿ ಒರೆಸಿ ಮತ್ತೆ ಇಳಿಬಿಟ್ಟು ನೋಡಬೇಕು. ಕೆಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಈ ಸಣ್ಣ ವಿವರ ತಪ್ಪಿದರೂ ಮಟ್ಟ ತಪ್ಪಾಗಿ ಕಾಣುತ್ತದೆ. ಇಷ್ಟೆಲ್ಲ ಗಾಡಿಯವರು ಯಾಕೆ ಕಲಿಯಬೇಕು, ಅದಕ್ಕೆ ಮೇಸ್ತ್ರಿಗಳಿಲ್ಲವೇ ಎಂದು ಕೇಳಬಹುದು. ಮೇಸ್ತ್ರಿಗಳ ಮೇಲೆ ನನಗೆ ದೂರಿಲ್ಲ. ನೋಡಿ ‘ಏನೂ ಆಗಿಲ್ಲ, ಓಡಿಸಿ’ ಎಂದು ಹೇಳಿ ಕಳಿಸಿದರೆ ಅವರಿಗೆ ಬಿಡಿಗಾಸೂ ಸಿಗುವುದಿಲ್ಲ, ಆಯಿಲ್ ಬದಲಿಸಿದರೆ ಮಾತ್ರ ಕೂಲಿ ಸಿಗುತ್ತದೆ. ನೋಡಿದ್ದಕ್ಕೂ ಐವತ್ತು ರೂಪಾಯಿ ಕೊಡುವ ರೂಢಿ ನಾವು ಬೆಳೆಸಿದ್ದರೆ ಸಲಹೆಯೂ ಬೇರೆಯಾಗಿರುತ್ತಿತ್ತು. ಕಂಪನಿಗಳ ಮೇಲೆ ಮಾತ್ರ ದೂರಿದೆ. ಒಳಗಿನ ಮಟ್ಟ ಹೊರಗಿನಿಂದಲೇ ಕಾಣುವಂಥ ಪುಟ್ಟ ಗಾಜಿನ ಕಿಂಡಿ ಎಷ್ಟೋ ಬೈಕುಗಳಲ್ಲಿದೆ. ಹಳ್ಳಿಗಳಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಗಾಡಿಗೇ ಅದು ಹೆಚ್ಚು ಬೇಕು. ಗಾಡಿ ಕೊಡುವ ದಿನ ಹಾರ ಹಾಕಿ ಫೋಟೊ ತೆಗೆಯುವ ಶೋರೂಮಿನವರು ಕಡ್ಡಿ ಎಲ್ಲಿದೆ, ಹೇಗೆ ನೋಡಬೇಕು ಎಂದು ಐದು ನಿಮಿಷ ಕನ್ನಡದಲ್ಲಿ ಹೇಳಿಕೊಡಲಿ.

ಕೊನೆಗೆ, ಆ ಡಬ್ಬಕ್ಕೆ ಇಳಿದ ಕಪ್ಪು ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಒಂದಷ್ಟು ಬೇಲಿ ಗೂಟಕ್ಕೆ, ಗೆದ್ದಲಿಗೆ, ಗಾಡಿ ಅಚ್ಚಿಗೆ ಹೋಗುತ್ತದೆ, ಉಳಿದದ್ದು ಚರಂಡಿಗೆ ಸೇರುತ್ತದೆ. ವರ್ಷಕ್ಕೆ ಹನ್ನೆರಡು ಸಾವಿರ ಕಿ.ಮೀ. ಓಡುವ ಗಾಡಿಗೆ ಆರು ಸಾವಿರಕ್ಕೊಮ್ಮೆ ಬದಲಿಸಿದರೆ ಎರಡು ಲೀಟರಿಗೂ ಕಡಿಮೆ, ಎರಡು ಸಾವಿರಕ್ಕೊಮ್ಮೆ ಬದಲಿಸಿದರೆ ಐದು ಲೀಟರಿಗೂ ಹೆಚ್ಚು. ಈ ವ್ಯತ್ಯಾಸವನ್ನು ತಾಲ್ಲೂಕಿನ ಸಾವಿರಾರು ಗಾಡಿಗಳಿಂದ ಗುಣಿಸಿ ನೋಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದನ್ನು ಮರಳಿ ಸಂಗ್ರಹಿಸಿ ಶುದ್ಧೀಕರಿಸುವ ಹೊಣೆ ಆಯಿಲ್ ತಯಾರಕರ ಮೇಲೂ ಬಿದ್ದಿದೆ. ಆ ಹೊಣೆ ಜಿಲ್ಲಾ ಕೇಂದ್ರ ದಾಟಿ ಆನವಟ್ಟಿಯ, ಶಿರಾಳಕೊಪ್ಪದ ಗ್ಯಾರೇಜಿನ ಡಬ್ಬದವರೆಗೂ ಬರಬೇಕು. ಪಟ್ಟಣ ಪಂಚಾಯಿತಿ, ಪುರಸಭೆಗಳು ತಿಂಗಳಿಗೊಮ್ಮೆ ಸಂಗ್ರಹಿಸುವ ವ್ಯವಸ್ಥೆಯನ್ನಾದರೂ ಮಾಡಬೇಕು. ಕದಂಬರ ದೊರೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ತಾಳಗುಂದದ ಕಂಬದ ಮೇಲೆ ಕೊರೆಸಿಟ್ಟ ಸೀಮೆ ಇದು. ಇಲ್ಲಿ ಚರಂಡಿಗೆ ಸುರಿದ ಆಯಿಲ್ ಮೊದಲ ಮಳೆಗೇ ಹೊರಟು ಯಾವುದಾದರೊಂದು ಕೆರೆಯ ಕೋಡಿಗೆ, ಅಲ್ಲಿಂದ ದಂಡಾವತಿ ನದಿಗೋ ಕುಮುದ್ವತಿ ನದಿಗೋ ಸೇರುತ್ತದೆ.